ಬರಹ ನಮ್ಮ ಕಡೆಗಿರಲಿ

ಫೆಬ್ರವರಿ ೬

ಗೆ: ಮುಖ್ಯ ಅಳತೆ ಅಧಿಕಾರಿ, ಗ್ಯಾಸ್ ಸರಬರಾಜು ಕೇಂದ್ರ
ಇಂದ: ಹಂಗಾಮಿ ಅಳತೆಗಾರ, ಪಿಂಗಾಣಿ ಕಾರ್ಖಾನೆ

ಮಾನ್ಯರೇ,

ವಿಷಯ: ತಾವು ಕಳಿಸಿದ್ದಕ್ಕಿಂತ ಹೆಚ್ಚು ಗ್ಯಾಸ್ ನಮಗೆ ತಲುಪುತ್ತಿರುವ ಬಗ್ಗೆ.

ತಮ್ಮ ಕೇಂದ್ರದಿಂದ ನಮ್ಮ ಕಾರ್ಖಾನೆಗೆ ಬರುವುದು ಒಂದೇ ಕೊಳವೆ. ನಡುವೆ ಕವಲಿಲ್ಲ, ಬೇರೆ ಗಿರಾಕಿಯೂ ಇಲ್ಲ. ಆ ತುದಿಯಲ್ಲಿ ತಮ್ಮ ಮೀಟರು, ಈ ತುದಿಯಲ್ಲಿ ನಮ್ಮದು. ಇಷ್ಟು ವರ್ಷ ಎರಡೂ ಒಂದೇ ಲೆಕ್ಕ ಹೇಳುತ್ತಿದ್ದವು. ಕಳೆದ ವಾರದಿಂದ ತಾವು ನೂರು ಪಾಲು ಕಳಿಸಿದೆವೆಂದರೆ ನಮ್ಮ ಮೀಟರು ನೂರ ಹದಿನೈದು ಪಾಲು ಬಂತೆಂದು ತೋರಿಸುತ್ತಿದೆ. ದಾರಿಯಲ್ಲಿ ಸೋರಿದರೆ ಗ್ಯಾಸ್ ಕಡಿಮೆಯಾಗಬೇಕು. ಸೋರಿ ಹೆಚ್ಚಾಗುವ ಕೊಳವೆಯನ್ನು ಇನ್ನೂ ಯಾರೂ ಕಂಡಿಲ್ಲ.

ಆದ್ದರಿಂದ ತಮ್ಮ ಮೀಟರಿನಲ್ಲಿ ದೋಷವಿದೆಯೇ ಎಂದು ಪರಿಶೀಲಿಸಿ ತಿಳಿಸಬೇಕಾಗಿ ವಿನಂತಿ. ಅಳತೆಯ ತಕರಾರು ಕಾಗದದಲ್ಲೇ ಇತ್ಯರ್ಥವಾಗಬೇಕು, ಫೋನಿನಲ್ಲಲ್ಲ ಎಂಬುದು ಎರಡು ಸಂಸ್ಥೆಗಳ ಒಪ್ಪಂದದ ಷರತ್ತು. ಇದನ್ನು ತಾವು ಮರೆತು ಫೋನ್ ಮಾಡುವ ಸಂಭವವಿರುವುದರಿಂದ ನೆನಪಿಸಿದ್ದೇನೆ.

ತಮ್ಮ ವಿಶ್ವಾಸಿ,
ಹಂಗಾಮಿ ಅಳತೆಗಾರ

ಪ್ರತಿ: ಕಾರ್ಖಾನೆಯ ಯಜಮಾನರಿಗೆ, ಗ್ಯಾಸ್ ಕೇಂದ್ರದ ವ್ಯವಸ್ಥಾಪಕರಿಗೆ


ಫೆಬ್ರವರಿ ೧೦

ಹಂಗಾಮಿ ಅಳತೆಗಾರನಿಗೆ,

ನಿನ್ನ ಕಾಗದ ತಲುಪಿತು. ಮೊದಲು ಒಂದು ಮಾತು. ನಿನಗೆ 'ತಾವು' ಎಂದು ಬರೆಯಬೇಕೆಂದು ನಮ್ಮ ಗುಮಾಸ್ತ ಹೇಳಿದ. ಬರೆಯಲು ಕೂತೆ, ಕೈ ಏಳಲಿಲ್ಲ. ಹೆತ್ತವಳು ನಾನು, 'ನೀನು' ಎಂದೇ ಬರೆಯುತ್ತೇನೆ. ಒಪ್ಪಂದದಲ್ಲಿ ಇದರ ಬಗ್ಗೆ ಷರತ್ತಿದೆಯೇ ಎಂದು ಹುಡುಕಿ ನೋಡಿದೆ, ಇಲ್ಲ.

ನಿನಗೆ ತೊಡೆಯ ಮೇಲೆ ಕೂರಿಸಿಕೊಂಡು ಹೇಳಿಕೊಟ್ಟ ಪಾಠವನ್ನೇ ಮತ್ತೆ ಹೇಳುತ್ತೇನೆ, ಪ್ರತಿ ಓದುವ ಸಾಹೇಬರಿಗೂ ತಿಳಿಯಲಿ. ಕೊಳವೆಗೆ ಅಡ್ಡಲಾಗಿ ನಡುವೆ ತೂತಿರುವ ಒಂದು ತಗಡು ಕೂರಿಸುತ್ತೇವೆ. ಸಣ್ಣ ತೂತಿನಲ್ಲಿ ನುಸುಳಲು ಗ್ಯಾಸ್ ತಿಣುಕಬೇಕು. ಹಾಗಾಗಿ ಗ್ಯಾಸ್ ಬರುವ ಕಡೆ ಒತ್ತಡ ಹೆಚ್ಚು, ಹೋಗುವ ಕಡೆ ಕಡಿಮೆ. ಈ ವ್ಯತ್ಯಾಸವನ್ನು ಅಳೆದು, ವರ್ಗಮೂಲ ತೆಗೆದು, ತೂತಿನ ಅಳತೆಯ ಜೊತೆ ಸೂತ್ರಕ್ಕೆ ಹಾಕಿದರೆ ಎಷ್ಟು ಗ್ಯಾಸ್ ಹರಿಯಿತೆಂದು ಸಿಗುತ್ತದೆ. ವ್ಯತ್ಯಾಸ ನಾಲ್ಕು ಪಟ್ಟಾದರೆ ಹರಿವು ಎರಡೇ ಪಟ್ಟು. ಇದನ್ನು ಮರೆತು ಗ್ಯಾಸ್ ನಾಲ್ಕು ಪಟ್ಟಾಯಿತೆಂದು ಕೇಂದ್ರದ ಗಂಟೆ ಬಾರಿಸಿ ಎಲ್ಲರನ್ನೂ ಅಂಗಳಕ್ಕೆ ಓಡಿಸಿದವನೊಬ್ಬ ನನ್ನ ಕೈಕೆಳಗೇ ಕಲಿಯುತ್ತಿದ್ದ. ಯಾರೆಂದು ಹೇಳುವುದಿಲ್ಲ, ಅವನಿಗೇ ಗೊತ್ತು.

ಈಗ ಉತ್ತರ ಕೊಡು. ವರ್ಗಮೂಲ ತೆಗೆದೆಯಾ? ಉಷ್ಣಾಂಶಕ್ಕೆ ಇನ್ನೂರ ಎಪ್ಪತ್ತಮೂರು ಕೂಡಿಸಿದೆಯಾ, ಇಲ್ಲ ಥರ್ಮಾಮೀಟರ್ ಹೇಳಿದ್ದನ್ನೇ ಸೂತ್ರಕ್ಕೆ ಸುರಿದೆಯಾ? ಹೊರಗಿನ ಗಾಳಿಯ ಒತ್ತಡ ಸೇರಿಸಿದೆಯಾ? ಮೀಟರಿಗೆ ಹೋಗುವ ಸಣ್ಣ ನಳಿಕೆಗಳಲ್ಲಿ ನೀರು ನಿಂತಿಲ್ಲ ತಾನೇ? ಬೆಳಿಗ್ಗೆ ಏನಾದರೂ ತಿಂದು ಲೆಕ್ಕಕ್ಕೆ ಕೂತೆಯಾ? ಹಸಿದ ಹೊಟ್ಟೆಯಲ್ಲಿ ನೀನು ದಶಮಾಂಶದ ಚುಕ್ಕಿಯನ್ನು ಮನಸ್ಸು ಬಂದಲ್ಲಿ ಇಡುತ್ತೀಯ.

ನಮ್ಮ ಮೀಟರಿನಲ್ಲಿ ದೋಷವಿಲ್ಲ. ಅದರ ತಗಡು ಕೂರಿಸಿದವರು ಯಾರೆಂದು ನಿನಗೆ ನೆನಪಿಸಬೇಕಾಗಿಲ್ಲ.

ಮುಖ್ಯ ಅಳತೆ ಅಧಿಕಾರಿ

ತಾ.ಕ.: ಸ್ವೆಟರ್ ಹೆಣೆಯುತ್ತಿದ್ದೇನೆ. ಎದೆಯ ಸುತ್ತಳತೆ ಬರೆದು ಕಳಿಸು. ಉಸಿರು ಬಿಗಿಹಿಡಿದು ಅಳೆಯಬೇಡ.


ಫೆಬ್ರವರಿ ೧೪

ಮಾನ್ಯರೇ,

ವಿಷಯ: ತಮ್ಮ ಫೆಬ್ರವರಿ ೧೦ರ ಪತ್ರ.

ತಮ್ಮ ಪತ್ರದ ಪ್ರತಿ ಓದಿದ ನಮ್ಮ ಯಜಮಾನರು, ಸ್ವೆಟರ್ ಎಂಬ ಉಪಕರಣ ಅಳೆಯುವುದು ಹರಿವನ್ನೋ ಒತ್ತಡವನ್ನೋ, ನಮ್ಮಲ್ಲಿ ಅದು ಯಾಕಿಲ್ಲ ಎಂದು ಕೇಳಿದರು. ದಯವಿಟ್ಟು ಖಾಸಗಿ ವಿಷಯಗಳನ್ನು ಬೇರೆ ಲಕೋಟೆಯಲ್ಲಿ ಕಳಿಸಬೇಕು.

ವರ್ಗಮೂಲ ತೆಗೆದಿದ್ದೇನೆ. ಇನ್ನೂರ ಎಪ್ಪತ್ತಮೂರು ಕೂಡಿಸಿದ್ದೇನೆ. ಗಾಳಿಯ ಒತ್ತಡ ಸೇರಿಸಿದ್ದೇನೆ. ನಳಿಕೆಗಳು ಒಣಗಿವೆ. ತಿಂದಿದ್ದೇನೆ.

ವಿಷಯ ಇಷ್ಟು. ಜನವರಿ ಕೊನೆಗೆ ಪಿಂಗಾಣಿ ಸುಡುವ ನಮ್ಮ ಗೂಡು ಆರಿಸಿದ್ದಾಗ ಕೊಳವೆ ಬಿಚ್ಚಿ ನೋಡಿದೆ. ನಮ್ಮ ತಗಡು ಹಿಂದುಮುಂದಾಗಿ ಕೂತಿತ್ತು. ತೂತಿನ ಒಂದು ಮುಖದ ಅಂಚು ಚೂಪು, ಇನ್ನೊಂದು ಮುಖ ಇಳಿಜಾರಾಗಿ ಕೆತ್ತಿದ್ದು. ಚೂಪು ಮುಖ ಗ್ಯಾಸ್ ಬರುವ ಕಡೆಗಿರಬೇಕು. ಕೊಳವೆಯ ಹೊರಗೆ ಚಾಚಿರುವ ತಗಡಿನ ಹಿಡಿಯ ಮೇಲೆ ತೂತಿನ ಅಳತೆ ಕೊರೆದಿರುವುದೂ ಅದೇ ಮುಖದಲ್ಲಿ. ಹಿಂದುಮುಂದಾದರೆ ಗ್ಯಾಸ್ ಇಳಿಜಾರಿನಲ್ಲಿ ಜಾರಿ ಸಲೀಸಾಗಿ ನುಸುಳುತ್ತದೆ, ಒತ್ತಡದ ವ್ಯತ್ಯಾಸ ಇಳಿಯುತ್ತದೆ, ಮೀಟರು ಇದ್ದುದಕ್ಕಿಂತ ಕಡಿಮೆ ತೋರಿಸುತ್ತದೆ. ನಾನು ಅದನ್ನು ಸರಿಯಾಗಿ ತಿರುಗಿಸಿದೆ. ಅಂದಿನಿಂದ ನೂರ ಹದಿನೈದು ಬರುತ್ತಿದೆ.

ನಮ್ಮದು ತಪ್ಪಾಗಿದ್ದ ಕಾಲದಲ್ಲಿ ಎರಡೂ ಮೀಟರುಗಳು ಒಪ್ಪುತ್ತಿದ್ದವು. ಎಂದಮೇಲೆ ತಮ್ಮ ತಗಡೂ ಹಿಂದುಮುಂದಾಗಿಯೇ ಇದೆ. ದಯವಿಟ್ಟು ಬಿಚ್ಚಿ ನೋಡಬೇಕು.

ತಮ್ಮ ವಿಶ್ವಾಸಿ,
ಹಂಗಾಮಿ ಅಳತೆಗಾರ


ಫೆಬ್ರವರಿ ೧೭

ಮಗನೇ,

ಇಗೋ, ಬೇರೆ ಲಕೋಟೆ. ಇದರ ಪ್ರತಿ ಯಾರಿಗೂ ಇಲ್ಲ, ಆದ್ದರಿಂದ ಮನಸ್ಸು ಬಿಚ್ಚಿ ಬೈಯುತ್ತೇನೆ.

ಎರಡು ತುದಿಯ ತಗಡನ್ನೂ ಕೂರಿಸಿದ್ದು ನಿಮ್ಮಪ್ಪ. ಈ ಕೇಂದ್ರದಲ್ಲಿ ಅವರಷ್ಟು ಒಳ್ಳೆಯ ಫಿಟ್ಟರ್ ಇರಲಿಲ್ಲವೆಂದು ನಾನು ಹೇಳುವುದಲ್ಲ, ಊರೇ ಹೇಳುತ್ತದೆ. ಅವರು ಹೋಗಿ ಇಷ್ಟು ವರ್ಷವಾದರೂ ಅವರು ಬಿಗಿದ ಒಂದು ನಟ್ಟು ಸಡಿಲವಾಗಿಲ್ಲ. ನಮ್ಮ ಅಳತೆ ಕೋಣೆಯ ಗೋಡೆಯ ಮೇಲೆ ಅವರೇ ಹಸಿರು ಬಣ್ಣದಲ್ಲಿ ಬರೆದದ್ದು ಇವತ್ತಿಗೂ ಇದೆ: 'ಬರಹ ನಮ್ಮ ಕಡೆಗಿರಲಿ.' ನಾನು ಹೊಸದಾಗಿ ಸೇರಿದಾಗ ನಿಮ್ಮ ಕಾರ್ಖಾನೆಯ ಬೇಡಿಕೆಗೆ ತಕ್ಕಂತೆ ವಾರಕ್ಕೊಮ್ಮೆಯಾದರೂ ರಾತ್ರಿ ಗ್ಯಾಸ್ ನಿಲ್ಲಿಸಿ ತಗಡು ಬದಲಿಸುತ್ತಿದ್ದರು, ಇವತ್ತು ದೊಡ್ಡ ತೂತು, ನಾಳೆ ಸಣ್ಣದು. ತೂತಿನ ಅಳತೆಯನ್ನು ಯಾರ ಬಾಯಿಂದಲೂ ಕೇಳಿ ಬರೆಯಬಾರದು, ಹಿಡಿಯ ಮೇಲಿನ ಬರಹವನ್ನು ಕಣ್ಣಾರೆ ಓದಿಯೇ ಲೆಕ್ಕ ಶುರುಮಾಡಬೇಕು. ಓದುವವರು ಬಾಗಿಲ ಕಡೆ ಸ್ಟೂಲಿನ ಮೇಲೆ ಕೂರುತ್ತಾರೆ. ಬರಹವೂ ಆ ಕಡೆಗೇ ಇರಬೇಕು. ಅಂದಿನಿಂದ ಇಂದಿನವರೆಗೆ ಎಷ್ಟು ಫಿಟ್ಟರುಗಳು ಬಂದರೂ ಆ ನಿಯಮ ಮೀರಿಲ್ಲ. ನೀನೂ ಅದೇ ಕೋಣೆಯಲ್ಲಿ ಕೂತು ಲೆಕ್ಕ ಕಲಿತವನು, ಆಗ ತುಟಿ ಪಿಟಕ್ಕೆನ್ನಲಿಲ್ಲ.

ನೀನು ಹೊರಟ ದಿನ ಬಾಗಿಲಲ್ಲಿ ನಿಂತು, "ನಿನ್ನ ಲೆಕ್ಕಾನೂ ಒಂದು ದಿನ ತಪ್ಪುತ್ತೆ, ಅವತ್ತು ನೋಡೋಣ" ಅಂದೆ. ಆ ದಿನವನ್ನು ಬರಮಾಡಿಕೊಳ್ಳಲು ಇಷ್ಟೆಲ್ಲ ಮಾಡುತ್ತಿದ್ದೀಯಾ? ನನ್ನನ್ನು ತಪ್ಪೆನ್ನು, ಹೊಟ್ಟೆಗೆ ಹಾಕಿಕೊಳ್ಳುತ್ತೇನೆ. ಅವರು ತಪ್ಪೆಂದರೆ ನನಗೆ ಆಗುವುದಿಲ್ಲ.

ಅಮ್ಮ

ತಾ.ಕ.: ಎದೆಯ ಅಳತೆ ಇನ್ನೂ ಬಂದಿಲ್ಲ.


ಫೆಬ್ರವರಿ ೨೫

ಅಮ್ಮಾ,

ನನ್ನ ಬಾಡಿಗೆ ಕೋಣೆಯ ಕೆಳಗೆ ದರ್ಜಿಯ ಅಂಗಡಿ. ಅವನ ಹೊಲಿಗೆ ಯಂತ್ರ ತುಳಿದಾಗಲೆಲ್ಲ ನನ್ನ ಮೇಜು ನಡುಗುತ್ತದೆ, ಅದಕ್ಕೇ ಅಕ್ಷರ ಹೀಗಿದೆ. ಕುಡಿದಿಲ್ಲ.

ನಾನು ಮನೆ ಬಿಟ್ಟದ್ದು ನಿನ್ನ ಮೇಲಿನ ಸಿಟ್ಟಿನಿಂದ ಹೌದು. ನಾನು ಮಾಡಿದ ಪ್ರತಿ ಲೆಕ್ಕವನ್ನೂ ನೀನು ಮತ್ತೆ ಮಾಡುತ್ತಿದ್ದೆ. ಅದು ಕೆಲಸ, ಹೋಗಲಿ. ನಾನು ಮಡಚಿಟ್ಟ ಟವೆಲನ್ನೂ ಬಿಚ್ಚಿ ಮತ್ತೆ ಮಡಚುತ್ತಿದ್ದೆ. ಒಂದು ದಿನ ನಾನು ಕಟ್ಟಿದ ಶೂ ದಾರವನ್ನು, ಶೂ ನನ್ನ ಕಾಲಲ್ಲಿರುವಾಗಲೇ, ನಿಮ್ಮ ವ್ಯವಸ್ಥಾಪಕರ ಎದುರು ಬಿಚ್ಚಿ ಕಟ್ಟಿದೆ. ಕೊಳವೆಯ ಇನ್ನೊಂದು ತುದಿಗೆ ಹೋದರೆ ನನ್ನ ಲೆಕ್ಕ ನನ್ನದಾಗುತ್ತದೆ ಅನ್ನಿಸಿತು. ಆದರೆ ತಗಡು ತಿರುಗಿಸಿದ್ದು ಸಿಟ್ಟಿಗಲ್ಲ. ಅದು ಹಿಂದುಮುಂದಾಗಿತ್ತು, ಅಷ್ಟೇ.

ಅದು ಸರಿಯಾಯಿತೆನ್ನುವುದಕ್ಕೆ ಸಾಕ್ಷಿ ನಮ್ಮ ಚಹಾ ಕಪ್ಪುಗಳು. ಮೀಟರು ಹೇಳಿದಷ್ಟು ಗ್ಯಾಸಿಗೆ ತಕ್ಕಷ್ಟು ಗಾಳಿಯನ್ನು ನಾವು ಗೂಡಿಗೆ ಬಿಡುತ್ತೇವೆ. ಮೀಟರು ಕಡಿಮೆ ಹೇಳಿದರೆ ಗಾಳಿಯೂ ಕಡಿಮೆ, ಉರಿ ಹೊಗೆಯಾಡುತ್ತದೆ. ಇಲ್ಲಿನ ಕಪ್ಪುಗಳ ತಳದಲ್ಲಿ ಯಾವಾಗಲೂ ತೆಳ್ಳಗೆ ಬೂದು ಬಣ್ಣ ಇರುತ್ತಿತ್ತಲ್ಲ, ಅದು ಆ ಹೊಗೆ. ಈಗ ಕಪ್ಪುಗಳು ಹಾಲಿನಂತೆ ಬೆಳ್ಳಗೆ ಬರುತ್ತಿವೆ. ಯಜಮಾನರು ಕುಣಿದಾಡುತ್ತಾರೆಂದುಕೊಂಡೆ. ಅವರು ತಲೆಯ ಮೇಲೆ ಕೈಹೊತ್ತು ಕೂತರು. ಆ ಬೂದು ಬಣ್ಣಕ್ಕೆ ಅವರು 'ಮನೆತನದ ಹೊಗೆಬಣ್ಣ' ಅಂತ ಹೆಸರಿಟ್ಟು, ಅದರ ಗುಟ್ಟು ತಮ್ಮ ತಂದೆಯಿಂದ ಬಂದದ್ದೆಂದು ಗಿರಾಕಿಗಳಿಗೆ ಹೇಳಿಕೊಂಡು ಬಂದಿದ್ದಾರೆ. ಗುಟ್ಟು ಒಂದು ತಗಡಿನಲ್ಲಿತ್ತೆಂದು ನಾನು ಹೇಳಿದಾಗ ಅವರ ಮುಖ ನೋಡಬೇಕಿತ್ತು.

ಈಗ ನಿಜವಾದ ವಿಷಯ. ಮಾರ್ಚ್ ಮುಗಿಯುವುದರೊಳಗೆ ಎರಡು ಮೀಟರೂ ಒಪ್ಪಬೇಕು, ಇಲ್ಲವೇ ನಾನು ತಗಡನ್ನು ಹಿಂದಿನಂತೆ ತಿರುಗಿಸಿಡಬೇಕು, ಎರಡೂ ಆಗದಿದ್ದರೆ ಚೀಲ ಕಟ್ಟಬೇಕು ಎಂದು ಯಜಮಾನರು ಹೇಳಿದ್ದಾರೆ. ಒಪ್ಪಿದರೆ ನೌಕರಿ ಕಾಯಂ. ನಿಮ್ಮಲ್ಲಿ ಮಾರ್ಚ್ ಮೂರನೇ ವಾರ ವರ್ಷದ ದುರಸ್ತಿಗೆ ಗ್ಯಾಸ್ ನಿಲ್ಲಿಸುತ್ತೀರಿ. ಅವತ್ತು ಒಂದು ಸಲ ಕೊಳವೆ ಬಿಚ್ಚಿ, ತೂತಿನ ಅಂಚಿಗೆ ಬೆರಳು ತಾಗಿಸಿ ನೋಡಮ್ಮ. ಬೇರೇನೂ ಬೇಡ.

ನಿನ್ನ ಮಗ

ತಾ.ಕ.: ಎದೆಯ ಅಳತೆಯನ್ನು ದರ್ಜಿಯೇ ತೆಗೆದ, ಚೀಟಿ ಇಟ್ಟಿದ್ದೇನೆ. ಉಸಿರು ಬಿಟ್ಟುಕೊಂಡೇ ನಿಂತಿದ್ದೆ.


ಮಾರ್ಚ್ ೫

ಮಗನೇ,

ಬಿಚ್ಚುವುದಿಲ್ಲ.

ಮೀಟರು ಸರಿಯಿದೆ, ತಗಡು ಸರಿಯಿದೆ, ನಿಯಮ ಸರಿಯಿದೆ. ನಮ್ಮ ವ್ಯವಸ್ಥಾಪಕರಿಗೂ ಇದನ್ನೇ ಹೇಳಿದೆ. ಅದೇ, ಕೊಡೆ ಸಾಹೇಬರು. ಎಂದೋ ಒಮ್ಮೆ ಕೊಳವೆಯಿಂದ ಅವರ ಬೋಳು ತಲೆಯ ಮೇಲೆ ಒಂದು ಹನಿ ಬಿದ್ದಾಗಿನಿಂದ ಅಳತೆ ಕೋಣೆಯೊಳಗೆ ಕೊಡೆ ಬಿಚ್ಚಿಕೊಂಡೇ ಬರುತ್ತಾರಲ್ಲ. ಕೊಡೆಯ ಕೆಳಗಿನಿಂದಲೇ ತಲೆಯಾಡಿಸಿ ಹೋದರು.

ಸ್ವೆಟರ್ ಕಳಿಸಿದ್ದೇನೆ. ದರ್ಜಿಯ ಅಳತೆಗೆ ಎರಡು ಬೆರಳು ಕೂಡಿಸಿದ್ದೇನೆ. ಪರರ ಅಳತೆ ನಾನು ನಂಬುವುದಿಲ್ಲ.

ಅಮ್ಮ


ಮಾರ್ಚ್ ೧೪

ಅಮ್ಮಾ,

ಸ್ವೆಟರ್ ಸರಿಯಾಯಿತು. ಆ ಎರಡು ಬೆರಳು ಬೇಕಿತ್ತು, ಒಪ್ಪಿದೆ.

ಇನ್ನು ಮೇಲೆ ನಿನ್ನನ್ನು ಕೊಳವೆ ಬಿಚ್ಚು ಅಂತ ಕೇಳುವುದಿಲ್ಲ. ಯಾಕೆಂದು ಹೇಳುತ್ತೇನೆ. ಹೇಳಬೇಕೋ ಬೇಡವೋ ಎಂದು ಮೂರು ಕಾಗದ ಹರಿದು ಹಾಕಿ ಇದು ನಾಲ್ಕನೆಯದು.

ಇಲ್ಲಿ ಗೂಡಿಗೆ ಉರಿ ಹಾಕುವ ಒಬ್ಬ ಅಜ್ಜನಿದ್ದಾನೆ, ಯಜಮಾನರ ತಂದೆಯ ಕಾಲದವನು. ಹುಬ್ಬೆಲ್ಲ ಎಂದೋ ಸುಟ್ಟುಹೋಗಿ ಮುಖದಲ್ಲಿ ಯಾವಾಗಲೂ ಆಶ್ಚರ್ಯ ಇರುತ್ತದೆ. ನಿನ್ನೆ ಚಹಾ ಕುಡಿಯುತ್ತ ನನ್ನ ತಗಡಿನ ಗೋಳು ಕೇಳಿಸಿಕೊಂಡ. ಆಮೇಲೆ ನಿಧಾನಕ್ಕೆ, "ಅದನ್ನ ತಿರುಗಿಸಿದ್ದು ನಿಮ್ಮಪ್ಪನೇ ಅಲ್ವೇನಪ್ಪಾ" ಅಂದ.

ನಾನು ಬಿಡಿಸಿ ಕೇಳಿದೆ. ತಗಡು ಮೊದಲು ಸರಿಯಾಗಿಯೇ ಇತ್ತಂತೆ. ಒಂದು ರಜಾ ದಿನ, ಗೂಡು ಆರಿದ್ದಾಗ, ಅಪ್ಪ ಸ್ಪ್ಯಾನರನ್ನು ಅಂಗಿಯೊಳಗೆ ಬಚ್ಚಿಟ್ಟುಕೊಂಡು ಸೈಕಲ್ಲಿನಲ್ಲಿ ಒಬ್ಬರೇ ಬಂದರಂತೆ. ಆಗಲೂ ಕೆಲವು ವಾರಗಳಿಂದ ಎರಡು ಕಡೆಯ ಲೆಕ್ಕ ಕೂಡದೆ ಹಗ್ಗಜಗ್ಗಾಟ ನಡೆದಿತ್ತಂತೆ, ಈಗ ನಡೆದಿರುವ ಹಾಗೆಯೇ. ಅಪ್ಪ ಕೊಳವೆ ಬಿಚ್ಚಿ, ಈ ತಗಡನ್ನು ಹಿಂದುಮುಂದು ಮಾಡಿ ಬಿಗಿದು, "ಇನ್ನು ಜಗಳ ಇರಲ್ಲ" ಅಂದು ಸಿಳ್ಳೆ ಹೊಡೆದುಕೊಂಡು ಹೊರಟರಂತೆ. ಹೋಗುವಾಗ ಒಂದು ತೀರಾ ಸಣ್ಣ ಕಪ್ಪು ಕೇಳಿದರಂತೆ. ಯಾರಿಗೆ ಅಂತ ಅಜ್ಜ ಕೇಳಿದ್ದಕ್ಕೆ, "ಕುಡಿಯೋರು ಇನ್ನೂ ಬಂದಿಲ್ಲ" ಅಂದರಂತೆ.

ಆ ಕಪ್ಪು ನೀನು ಗುಂಡಿಗಳನ್ನು ಹಾಕಿಡುವ ಕಪ್ಪೇ ಇರಬೇಕು. ಅಪ್ಪ ಬೇಕೆಂದೇ ಯಾಕೆ ಹಾಗೆ ಮಾಡಿದರೋ ನನಗೆ ತಿಳಿಯದು. ಒಳ್ಳೆಯ ಫಿಟ್ಟರಿಗೆ ಚೂಪು ಅಂಚು ಗೊತ್ತಿಲ್ಲದಿರುತ್ತದೆಯೇ? ಇದನ್ನು ಕೆದಕಿ ನಿನ್ನ ಮನಸ್ಸು ನೋಯಿಸಲು ನನಗೆ ಇಷ್ಟವಿಲ್ಲ. ಹಾಗಂತ ತಗಡನ್ನು ಮತ್ತೆ ತಪ್ಪಾಗಿ ಕೂರಿಸಲು ನನ್ನ ಕೈ ಏಳುವುದಿಲ್ಲ. ತಪ್ಪೆಂದು ಗೊತ್ತಿದ್ದೂ ಒಂದು ಅಂಕಿ ಬರೆಯಬಾರದೆಂದು ಕಲಿಸಿದವಳು ನೀನೇ. ತಿಂಗಳ ಕೊನೆಗೆ ಇಲ್ಲಿಂದ ಬಿಡುತ್ತೇನೆ. ದೂರದ ಗಾಜಿನ ಕಾರ್ಖಾನೆಯೊಂದರಲ್ಲಿ ಜಾಗವಿದೆಯಂತೆ. ಅಲ್ಲಿಗೆ ನಿಮ್ಮ ಕೊಳವೆ ಬರುವುದಿಲ್ಲ.

ನಿನ್ನ ಮಗ


ಮಾರ್ಚ್ ೨೨

ಮಗನೇ,

ಬಿಚ್ಚಿದೆ.

ದುರಸ್ತಿಯ ದಿನ ಫಿಟ್ಟರುಗಳಿಬ್ಬರನ್ನೂ ಚಹಾಕ್ಕೆ ಕಳಿಸಿ ನಾನೇ ಸ್ಪ್ಯಾನರ್ ಹಿಡಿದೆ. ಕೊಡೆ ಸಾಹೇಬರು ಮಾತ್ರ ಕೊಡೆ ಬಿಚ್ಚಿಕೊಂಡು ಮೂಲೆಯಲ್ಲಿ ನಿಂತಿದ್ದರು. ತಗಡು ಹೊರಗೆ ಬಂತು. ತೂತಿಗೆ ಬೆರಳು ತಾಗಿಸಿದೆ. ಗ್ಯಾಸ್ ಬರುವ ಕಡೆ ನುಣ್ಣನೆಯ ಇಳಿಜಾರು. ಹೋಗುವ ಕಡೆಯ ಅಂಚು ಬೆರಳನ್ನು ಗೀರಿತು. ಇಷ್ಟು ವರ್ಷ ಆ ಸ್ಟೂಲಿನ ಮೇಲೆ ಕೂತು ಬರಹ ಓದಿದ್ದೇನೆ, ಒಂದು ದಿನವೂ ಬೆರಳು ಹಾಕಿ ನೋಡಿರಲಿಲ್ಲ. ನಿಮ್ಮಪ್ಪ ನಿಯಮ ಅಂದಿದ್ದರು, ನನಗೆ ಅಷ್ಟು ಸಾಕಾಗಿತ್ತು.

ತಿರುಗಿಸಿ ಸರಿಯಾಗಿ ಕೂರಿಸಿದೆ. ಈಗ ಬರಹ ಗೋಡೆಯ ಕಡೆಗಾಯಿತು. ಅದನ್ನು ಓದಬೇಕಲ್ಲ, ಓದದೆ ಲೆಕ್ಕ ಮಾಡುವಂತಿಲ್ಲ. ನಿನಗೆ ನೆನಪಿರಬಹುದು, ಕೊಳವೆ ಗೋಡೆಯಿಂದ ಒಳಗೆ ಬರುವಲ್ಲಿ, ಗೋಡೆಗೂ ತಗಡಿನ ಚೌಕಟ್ಟಿಗೂ ನಡುವೆ ಒಂದು ಸಂದಿಯಿದೆ. ಆ ಸಂದಿಯೊಳಗೆ ಅಡ್ಡಡ್ಡ ನುಗ್ಗಿ, ಅಲ್ಲೇ ತಿರುಗಿ ನಿಂತರೆ ಬರಹ ಕಾಣುತ್ತದೆ. ನುಗ್ಗಿದೆ. ಅರ್ಧ ಹೋದವಳು ಅಲ್ಲೇ ಸಿಕ್ಕಿಕೊಂಡೆ. ಮುಂದೆ ಹೋಗಲು ಹೊಟ್ಟೆ ಬಿಡಲಿಲ್ಲ, ಹಿಂದೆ ಬರಲು ಬೆನ್ನು ಬಿಡಲಿಲ್ಲ. ಕೋಟಿನ ಎರಡು ಗುಂಡಿ ಹಾರಿ ಕೊಡೆಗೆ ಬಡಿದವು. ಸಾಹೇಬರು ಹನಿ ಬಿತ್ತೆಂದು ಇನ್ನೂ ಮೂಲೆಗೆ ಸರಿದರು.

ಅಲ್ಲಿ ಸಿಕ್ಕಿಕೊಂಡಿದ್ದಾಗ, ಕಣಪ್ಪಾ, ನನಗೆ ನೆನಪಾಯಿತು. ನಾನು ಅಲ್ಲಿ ಸಿಕ್ಕಿಕೊಂಡದ್ದು ಇದು ಮೊದಲ ಸಲವಲ್ಲ.

ನಾನು ಸೇರಿದ ಹೊಸತರಲ್ಲಿ ಬರಹ ಗೋಡೆಯ ಕಡೆಗೇ ಇತ್ತು. ದಿನಾ ಆ ಸಂದಿಯಲ್ಲಿ ನುಸುಳಿ ಓದಿ ಬರುತ್ತಿದ್ದೆ. ಆಗ ನಾನು ಬಾಗಿಲ ಸಂದಿಯಲ್ಲೂ ಹೋಗುವಷ್ಟು ತೆಳ್ಳಗಿದ್ದೆ, ನಗಬೇಡ, ಫೋಟೋ ಇದೆ. ಆಮೇಲೆ ನೀನು ಹೊಟ್ಟೆಯಲ್ಲಿ ಬೆಳೆದೆ. ಆರನೇ ತಿಂಗಳಲ್ಲಿ ಒಂದು ಬೆಳಿಗ್ಗೆ ಹೀಗೇ ಸಿಕ್ಕಿಕೊಂಡು ಕೂಗಾಡಿದೆ. ನಿಮ್ಮಪ್ಪ ಓಡಿಬಂದು ನನ್ನನ್ನು ಸಂದಿಯಿಂದ ಬಿಡಿಸಿದರು. ಇನ್ನು ಮೇಲೆ ಬರಹ ನಾನೇ ಓದಿ ಹೇಳ್ತೀನಿ ಅಂದರು. ನಾನು ಯಾರ ಬಾಯಿಂದ ಕೇಳಿಯೂ ಬರೆಯುವುದಿಲ್ಲ ಅಂದೆ. ಗಂಡನಾದರೂ ಅಷ್ಟೇ, ನಿಯಮ ನಿಯಮವೇ ಅಂದೆ. ಅವರು ಸ್ಪ್ಯಾನರ್ ಎತ್ತಿಕೊಂಡು ಹೋದರು. ಮರುದಿನ ಕೆಲಸಕ್ಕೆ ಬಂದು ನೋಡಿದರೆ ಬರಹ ಸ್ಟೂಲಿನ ಕಡೆಗೆ ತಿರುಗಿತ್ತು, ಗೋಡೆಯ ಮೇಲೆ ಹಸಿರು ಬಣ್ಣ ಇನ್ನೂ ಒಣಗಿರಲಿಲ್ಲ. ನಾನು ಕೇಳಿದ್ದಕ್ಕೆ, "ಹೊಸ ನಿಯಮ. ಇನ್ಮೇಲೆ ನೀನು ಕೂತಲ್ಲೇ ಓದಬಹುದು" ಅಂದರು. ನಾನು ನಂಬಿದೆ.

ಅದಾದ ಮೇಲೆ ನಿಮ್ಮ ಕಾರ್ಖಾನೆಯಲ್ಲಿ ಗ್ಯಾಸ್ ಹೆಚ್ಚಾಗಿ ಕಂಡಿರಬೇಕು, ಜಗಳ ಎದ್ದಿರಬೇಕು. ನನಗೆ ಅದೊಂದೂ ತಿಳಿಯದ ಹಾಗೆ ನೋಡಿಕೊಂಡು, ರಜಾ ದಿನ ಸೈಕಲ್ ಹತ್ತಿ ಹೋಗಿ ಆ ತುದಿಯನ್ನೂ ತಪ್ಪು ಮಾಡಿ ಬಂದಿದ್ದಾರೆ, ಎರಡು ತಪ್ಪೂ ಒಂದಕ್ಕೊಂದು ಒಪ್ಪಲಿ ಅಂತ. ಕಪ್ಪು ತಂದುಕೊಟ್ಟ ದಿನ ನನಗೆ ಚೆನ್ನಾಗಿ ನೆನಪಿದೆ. ಕೈಯೆಲ್ಲ ಗ್ರೀಸ್ ಇತ್ತು. ಸೈಕಲ್ ಚೈನು ಬಿದ್ದಿತ್ತು ಅಂದರು.

ನೀನು ಹುಟ್ಟಿದ ಮೇಲೆ ತಿರುಗಿಸಿ ಮೊದಲಿನಂತೆ ಇಡಬಹುದಿತ್ತಲ್ಲ ಅನ್ನುತ್ತೀಯ. ಇಡಬಹುದಿತ್ತು. ಆದರೆ ನೀನು ಹುಟ್ಟಿದ ಮೇಲೆ ನಾನು ಮತ್ತೆ ತೆಳ್ಳಗಾಗಲೇ ಇಲ್ಲ. ಅದನ್ನು ನನ್ನ ಮುಖಕ್ಕೆ ಹೇಳುವ ಧೈರ್ಯ ಅವರಿಗಿರಲಿಲ್ಲ.

ಸಂದಿಯಲ್ಲೇ ಗೋಡೆಗೆ ತಲೆಯಾನಿಸಿ ಅತ್ತೆ. ಅವರು ಹೋದಾಗಲೂ ಹಾಗೆ ಅತ್ತಿರಲಿಲ್ಲ. ನನ್ನ ಕೆನ್ನೆ ಒದ್ದೆಯಾದದ್ದು ನೋಡಿ, ಮೇಲಿನಿಂದ ಸೋರುತ್ತಿದೆ ಎಂದುಕೊಂಡು, ಕೊಡೆ ಸಾಹೇಬರು ತಮ್ಮ ಕೊಡೆಯನ್ನು ತಂದು ನನ್ನ ತಲೆಯ ಮೇಲೆ ಹಿಡಿದರು. ತಮ್ಮ ಬೋಳು ತಲೆ ಬಿಟ್ಟುಕೊಂಡೇ ನಿಂತಿದ್ದರು, ಪಾಪ. ಕೊನೆಗೆ ಫಿಟ್ಟರುಗಳು ಬಂದು ಹೊರಗೆಳೆದರು.

ತಪ್ಪು ತಪ್ಪೇ. ಅವರು ಮಾಡಿದರೂ ತಪ್ಪೇ. ಒಬ್ಬ ಫಿಟ್ಟರ್ ಹಾಗೆ ಮಾಡಬಾರದು, ಬದುಕಿದ್ದರೆ ಕಿವಿ ಹಿಂಡುತ್ತಿದ್ದೆ. ಆದರೆ ನಿನ್ನ ಮೇಲೆ ನಾನು ಇಷ್ಟು ದಿನ ಹಾರಾಡಿದೆನಲ್ಲ, ಅದು ಅದಕ್ಕಿಂತ ದೊಡ್ಡ ತಪ್ಪು. ನಿನ್ನ ಲೆಕ್ಕ ಸರಿಯಾಗಿತ್ತು. ಮತ್ತೆ ಮಾಡಿ ನೋಡಿದೆ, ಕೆಂಪು ಪೆನ್ನು ಮುಟ್ಟಲಿಲ್ಲ.

ನಿಮ್ಮ ಯಜಮಾನರಿಗೆ ಹೇಳು. ಗಾಜಿನ ಕಾರ್ಖಾನೆಗೆ ಬರೆದಿದ್ದರೆ ಆ ಕಾಗದ ಹರಿದು ಹಾಕು.

ಅಮ್ಮ


ಮಾರ್ಚ್ ೨೫

ಅಮ್ಮಾ,

ನಿನ್ನ ಕಾಗದವನ್ನು ಮೆಟ್ಟಿಲ ಮೇಲೆಯೇ ಕೂತು ಓದಿದೆ. ದರ್ಜಿ ಹೊಲಿಗೆ ನಿಲ್ಲಿಸಿ, ಯಾರು ಹೋದರು ಅಂತ ಕೇಳಿದ. ಯಾರೂ ಹೋಗಿಲ್ಲ ಅಂದೆ. ನಗುತ್ತಿದ್ದೀಯಲ್ಲ ಮತ್ತೆ, ಅಂದ. ಅಳು, ನಗು ಎರಡೂ ಒಟ್ಟಿಗೆ ಬಂದಿತ್ತು.

ಯಜಮಾನರಿಗೆ ಹೇಳಿದೆ. ಬಾಯಿಮಾತು ನಡೆಯದು, ಗ್ಯಾಸ್ ಕೇಂದ್ರದಿಂದ ದೋಷದ ಕಾರಣ ಸಹಿತ ಕಾಗದ ಬರಬೇಕು, ಬಂದ ದಿನವೇ ಕಾಯಂ ಮಾಡುತ್ತೇನೆ ಅಂದರು. ಹೊಗೆಬಣ್ಣದ ಚಿಂತೆಯೂ ಕಳೆಯಿತು. ಸುಡುವ ಕೊನೆಯಲ್ಲಿ ಸ್ವಲ್ಪ ಹೊತ್ತು ಗಾಳಿ ತಗ್ಗಿಸಿದರೆ ಅದೇ ಬಣ್ಣ ಬರುತ್ತದೆಂದು ಅಜ್ಜನೂ ನಾನೂ ಮಾಡಿ ತೋರಿಸಿದೆವು. ಯಜಮಾನರು ಇದನ್ನೂ ತಮ್ಮ ತಂದೆಯೇ ಹೇಳಿಕೊಟ್ಟದ್ದೆಂದು ಆಗಲೇ ಯಾರಿಗೋ ಹೇಳುತ್ತಿದ್ದರು.

ಈಗ ನಿಮ್ಮಲ್ಲಿ ಬರಹ ಯಾರು ಓದುತ್ತಾರೆ? ನಾನು ಅಪ್ಪನ ಹಾಗೆ ಸಣಕಲು. ಭಾನುವಾರ ನನಗೆ ರಜೆ.

ನಿನ್ನ ಮಗ


ಮಾರ್ಚ್ ೨೮

ಗೆ: ಅಳತೆಗಾರರು, ಪಿಂಗಾಣಿ ಕಾರ್ಖಾನೆ
ಇಂದ: ಮುಖ್ಯ ಅಳತೆ ಅಧಿಕಾರಿ, ಗ್ಯಾಸ್ ಸರಬರಾಜು ಕೇಂದ್ರ

ಮಾನ್ಯರೇ,

ವಿಷಯ: ತಾವು ಫೆಬ್ರವರಿ ೬ರಂದು ಬರೆದ ಪತ್ರ.

ತಮ್ಮ ಕೋರಿಕೆಯಂತೆ ನಮ್ಮ ಮೀಟರನ್ನು ಬಿಚ್ಚಿ ಪರಿಶೀಲಿಸಲಾಗಿದೆ. ತೂತಿನ ತಗಡು ಹಿಂದುಮುಂದಾಗಿದ್ದುದು ಕಂಡುಬಂದಿದ್ದು ಅದನ್ನು ಸರಿಪಡಿಸಲಾಗಿದೆ. ಈಗ ಎರಡೂ ಮೀಟರುಗಳು ಒಪ್ಪುತ್ತವೆ. ತಮ್ಮ ಲೆಕ್ಕ ಮೊದಲಿನಿಂದಲೂ ಸರಿಯಾಗಿತ್ತು, ನಮ್ಮದು ತಪ್ಪಾಗಿತ್ತು. ಇದನ್ನು ತಾವು ತಮ್ಮ ಯಜಮಾನರಿಗೆ ತೋರಿಸಬಹುದು.

ಸಂದಿಯೊಳಗೆ ಹೋಗಿ ಬರಹ ಓದಲು ತಾವು ಭಾನುವಾರ ಬರುವುದನ್ನು ಕೇಂದ್ರ ಒಪ್ಪಿದೆ. ಬೆಳಿಗ್ಗೆ ಏನೂ ತಿನ್ನದೆ ಬರತಕ್ಕದ್ದು, ಇಲ್ಲಿ ಮಾಡಿಡಲಾಗುವುದು.

ದೋಷದ ಕಾರಣವನ್ನು ಖಾಲಿ ಬಿಡುವಂತಿಲ್ಲವೆಂದು ನಮ್ಮ ವ್ಯವಸ್ಥಾಪಕರು ಸೂಚಿಸಿರುವುದರಿಂದ ಅದನ್ನೂ ತಿಳಿಸಲಾಗಿದೆ. ಕಾರಣ: ಆ ಕಾಲದಲ್ಲಿ ಅಳತೆ ಕೋಣೆಯ ಸಂದಿಯಲ್ಲಿ ನಾವಿಬ್ಬರೂ ಹಿಡಿಸುತ್ತಿರಲಿಲ್ಲ.

ತಮ್ಮ ವಿಶ್ವಾಸಿ,
ಮುಖ್ಯ ಅಳತೆ ಅಧಿಕಾರಿ